ಪದಚರ್ಚೆ: ಗುನ್ನೆ, ತಪ್ಪು, ಅಪರಾಧ – ಯಾವುದು ಎಲ್ಲಿಗೆ ಸರಿ?

ಬಳಗದ ಎಲ್ಲರಿಗೂ ವಿಜಯಪುರದಿಂದ ನಮಸ್ಕಾರ.

ಬೇರೆ ಬೇರೆ ಸಮಾಜಗಳು ಯಾವ ಯಾವ ಕೆಲಸವನ್ನು ಅಪರಾಧ ಅಂತ ಎಣಿಸುತ್ತವೆ ಅನ್ನುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಕಾನೂನು ಕಲಿಯುವ ಇಲ್ಲಿನ ಹುಡುಗ ಹುಡುಗಿಯರು. ತೊಡಕು ಏನೆಂದರೆ, ‘ಅಪರಾಧ’ ಅನ್ನುವ ಪದ ತುಂಬಾ ಅಗಲ. ಪೂಜೆಯಲ್ಲಿ ಮಂತ್ರ ತಪ್ಪಿದರೂ ಅಪರಾಧ, ಕೊಲೆ ಮಾಡಿದರೂ ಅಪರಾಧ. ಅದಕ್ಕೆ ನಮ್ಮ ಕಡೆಯ ‘ಗುನ್ನೆ’ಯನ್ನು ಬಳಸಬಹುದಾ ಅಂತ ಕೇಳುತ್ತಿದ್ದೇನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಗುನ್ನೆ ಅನ್ನುವುದು ಪೊಲೀಸ್ ಕಾಗದದ ಮಾತು. ‘ಗುನ್ನೆ ನಂಬರ್’, ‘ಗುನ್ನೆ ದಾಖಲಾಯಿತು’ ಅಂತ ಪೇಪರಿನಲ್ಲೂ ಬರುತ್ತದೆ. ಫಾರಸಿಯ ಗುನಾಹ್ ಮರಾಠಿಯಲ್ಲಿ ಗುನ್ಹಾ ಆಗಿ ನಮ್ಮ ಬಾಯಿಗೆ ಬಂತು. 1956ರ ತನಕ ಮುಂಬೈ ಆಡಳಿತದಲ್ಲಿದ್ದ ಜಿಲ್ಲೆಗಳಲ್ಲವಾ, ಫೌಜದಾರ, ಫಿರ್ಯಾದಿ, ಖಟ್ಲೆ ಎಲ್ಲ ಹಾಗೇ ಉಳಿದವು. ಫಾರಸಿಯಲ್ಲಿ ಗುನಾಹ್ ಅಂದರೆ ಪಾಪವೂ ಹೌದು. ನಮ್ಮ ಠಾಣೆಗೆ ಬರುವಷ್ಟರಲ್ಲಿ ಆ ಪಾಪ ಉದುರಿಹೋಗಿ ನಂಬರ್ ಮಾತ್ರ ಉಳಿದಿದೆ! ಊರಲ್ಲಿ ಜಗಳವಾದರೆ ‘ತಪ್ಪ ಅವಂದ ಐತಿ’ ಅನ್ನುತ್ತಾರೆ, ಗುನ್ನೆ ಅನ್ನುವುದಿಲ್ಲ. ಫೌಜದಾರರು ಬರೆದುಕೊಂಡ ಮೇಲೆ ಅದೇ ಕೆಲಸ ಗುನ್ನೆ. 1860ರ ದಂಡ ಸಂಹಿತೆಯ 40ನೇ ಕಲಂ ಹೇಳಿದ್ದೂ ಹೆಚ್ಚುಕಡಿಮೆ ಇಷ್ಟೇ: ಯಾವುದಕ್ಕೆ ಈ ಕಾಯ್ದೆಯಲ್ಲಿ ಶಿಕ್ಷೆ ಇದೆಯೋ ಅದು ಅಪರಾಧ.

ಹಾಗಾಗಿ ಸರ್ಕಾರ ಶಿಕ್ಷೆ ಇಟ್ಟದ್ದಕ್ಕೆ ‘ಗುನ್ನೆ’, ಊರು, ಕುಲ, ದೇವರು ಒಪ್ಪದ್ದಕ್ಕೆ ‘ತಪ್ಪು’ ಅಂತ ಎರಡಾಗಿ ಒಡೆದಿದ್ದೇನೆ. ಇದು ಸುಮ್ನೆ ಮಾಡಿದ್ದಲ್ಲ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟುತ್ತಿದ್ದ, ಅಂದರೆ ಹುಡುಗಿಯನ್ನು ದೇವದಾಸಿಯಾಗಿ ಬಿಡುತ್ತಿದ್ದ ಪದ್ಧತಿ ಬಗ್ಗೆ ಬರೆಯುವಾಗ ಬೇರೆ ದಾರಿಯೇ ಕಾಣಲಿಲ್ಲ. ಹುಡುಗಿಯ ತಲೆಯಲ್ಲಿ ಕೂದಲು ಗಂಟುಗಟ್ಟಿ ಜಡೆ ಬಿದ್ದರೆ ಅದು ದೇವಿಯ ಕರೆ. ಹರಕೆ ಹೊತ್ತು ಮುತ್ತು ಕಟ್ಟದೆ ಬಿಟ್ಟರೆ ತಪ್ಪು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಆ ತಪ್ಪಿನಿಂದಲೇ ಬಂತು ಅನ್ನುವ ಹೆದರಿಕೆ. 1934ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆ ಮುತ್ತು ಕಟ್ಟುವುದನ್ನೇ ನಿಷೇಧಿಸಿತು. ಮುಂದೆ 1982ರ ಕರ್ನಾಟಕದ ಕಾಯ್ದೆ ಇನ್ನೂ ಬಿಗಿಯಾಯಿತು. ಅದರಲ್ಲಿ ಕಟ್ಟಿಸಿದವರು ತಂದೆ ತಾಯಿಯೇ ಆಗಿದ್ದರೆ ಬೇರೆಯವರಿಗಿಂತ ಜಾಸ್ತಿ ಶಿಕ್ಷೆ. ಇದನ್ನು ಒಂದೇ ಪದದಲ್ಲಿ ಬರೆದು ನೋಡಿ: ‘ಮುತ್ತು ಕಟ್ಟದಿರುವುದು ಅಪರಾಧವಾಗಿತ್ತು, ಈಗ ಕಟ್ಟುವುದು ಅಪರಾಧ.’ ಯಾರ ಕಣ್ಣಿಗೆ ಅಪರಾಧ ಅನ್ನುವುದೇ ತಿಳಿಯುವುದಿಲ್ಲ. ‘ಕಟ್ಟದಿದ್ದರೆ ತಪ್ಪು, ಕಟ್ಟಿದರೆ ಗುನ್ನೆ’ ಅಂದರೆ ಆ ಮನೆಯ ಇಕ್ಕಟ್ಟು ಪೂರ್ತಿ ಬಂತು.

ತಿರುವುಮುರುವೂ ಉಂಟು. ಪರಸಂಗಕ್ಕೆ ಶಿಕ್ಷೆ ಇಟ್ಟಿದ್ದ ದಂಡ ಸಂಹಿತೆಯ 497ನೇ ಕಲಮನ್ನು 2018ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ದಕ್ಷಿಣ ಕೊರಿಯಾದ ನ್ಯಾಯಾಲಯವೂ 2015ರಲ್ಲಿ ಇಂಥದೇ ಕಾನೂನನ್ನು ರದ್ದು ಮಾಡಿತ್ತು. ಪರಸಂಗ ಈಗ ಗುನ್ನೆಯಲ್ಲ. ತಪ್ಪು ಅಲ್ಲ ಅಂತ ನಮ್ಮೂರ ಕಟ್ಟೆಯ ಮೇಲೆ ಹೇಳಿ ನೋಡಿ!

ನನ್ನ ಈ ಜೋಡಿ ಎಲ್ಲಾ ಕಡೆ ನಿಲ್ಲುವುದಿಲ್ಲ, ತಕರಾರು ಶುರುವಾಗುವುದು ಅಲ್ಲೇ. 1871ರಲ್ಲಿ ಬ್ರಿಟಿಷರು ಕೆಲವು ಬುಡಕಟ್ಟುಗಳನ್ನೇ ಅಪರಾಧಿಗಳು ಅಂತ ಸಾರುವ ಕಾಯ್ದೆ ತಂದರು. 1911ರ ಕಾಯ್ದೆಯಿಂದ ಅದು ನಮ್ಮ ಮುಂಬೈ ಪ್ರಾಂತ್ಯಕ್ಕೂ ಬಂತು. ಬಿಜಾಪುರದಲ್ಲೂ ಅವರನ್ನು ಕೂಡಿಡುವ ‘ಸೆಟ್ಲಮೆಂಟ್’ ಇತ್ತು. ಅಲ್ಲಿ ಯಾರು ಏನು ಮಾಡಿದರು ಅನ್ನುವ ಮಾತೇ ಇಲ್ಲ, ಹುಟ್ಟಿದ್ದೇ ಗುನ್ನೆ. 1952ರಲ್ಲಿ ಕಾಯ್ದೆ ಹೋಯಿತು, ‘ವಿಮುಕ್ತ’ ಅನ್ನುವ ಹೊಸ ಹೆಸರು ಬಂತು.

ಜಪಾನಿನ ‘ತ್ಸುಮಿ’ (ಅಪರಾಧ, ಪಾಪ ಎರಡಕ್ಕೂ ಅಲ್ಲಿನವರು ಬಳಸುವ ಪದ) ಇನ್ನೂ ಕಷ್ಟ. 927ರಲ್ಲಿ ಮುಗಿಸಿದ ‘ಎಂಗಿಶಿಕಿ’ ಅನ್ನುವ ಕಟ್ಟಳೆಗಳ ಸಂಗ್ರಹದಲ್ಲಿ, ಶುದ್ಧಿಯ ಮಂತ್ರವೊಂದರಲ್ಲಿ ತ್ಸುಮಿಗಳ ಪಟ್ಟಿ ಇದೆ. ಗದ್ದೆಯ ಒಡ್ಡು ಒಡೆಯುವುದು, ನೀರಿನ ಕಾಲುವೆ ಮುಚ್ಚುವುದು, ಒಬ್ಬರು ಬಿತ್ತಿದ್ದರ ಮೇಲೆ ಮತ್ತೆ ಬಿತ್ತುವುದು. ಘಟಪ್ರಭಾ ಕಾಲುವೆಯ ಕೆಳಗಿನ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಆದರೆ ಅದೇ ಪಟ್ಟಿಯಲ್ಲಿ ಚರ್ಮದ ರೋಗವೂ ಇದೆ, ಹರಿದಾಡುವ ಹುಳುಗಳಿಂದ ಬಂದ ಕೇಡೂ ಇದೆ. ರೋಗ ಬಂದವನ ತಪ್ಪೇನು? ‘ಮೈಲಿಗೆ’ ಅಂದರೆ ಒಡ್ಡು ಒಡೆದವನು ಹೊರಗೆ ಉಳಿಯುತ್ತಾನೆ. ‘ದೋಷ’ ಹೊಂದಬಹುದು ಅನಿಸುತ್ತದೆ. ನಾಗದೋಷ ಅನ್ನುವಾಗ ನಾವೂ ಯಾರು ಏನು ಮಾಡಿದರು ಅಂತ ಕೇಳುವುದಿಲ್ಲ. ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ತಿಳಿಸಿ.

ಕೊನೆಗೆ ‘ದಿಯತ್’. ಪಾಕಿಸ್ತಾನದಲ್ಲಿ 1990ರಿಂದ, ಇರಾನಿನಲ್ಲೂ, ಸತ್ತವನ ವಾರಸುದಾರರು ಕೊಂದವನನ್ನು ಕ್ಷಮಿಸಬಹುದು, ಹಣ ತೆಗೆದುಕೊಂಡು ರಾಜಿಯೂ ಆಗಬಹುದು. ಆ ಹಣವೇ ದಿಯತ್. ನಮ್ಮ ದಿವಾಣಿ (ಸಿವಿಲ್)–ಫೌಜದಾರಿ (ಕ್ರಿಮಿನಲ್) ಎಂಬ ಭಾಗ ಇಲ್ಲಿ ಕಲಸಿಹೋಗುತ್ತದೆ. ಗೆಳೆಯರೊಬ್ಬರು ‘ನೆತ್ತರುಗೊಡಗೆ’ ಅಂತ ಹಾಕಿ ಅಂದರು. ಕೇಳಲು ಚೆಂದ, ಆದರೆ ಶಾಸನಗಳ ನೆತ್ತರುಗೊಡಗೆ ಕಾದಾಡಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ಕೊಂದವನು ಕೊಡುವ ಹಣವಲ್ಲ. ಸದ್ಯಕ್ಕೆ ‘ದಿಯತ್’ ಅಂತಲೇ ಉಳಿಸಿದ್ದೇನೆ.

ಕಲಬುರಗಿ, ರಾಯಚೂರು ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ನಿಜಾಮರ ಕಾಲದ ‘ಜುರ್ಮ್’ ಮಾತಿನಲ್ಲಿ ಉಳಿದಿದೆಯಾ? ನಮ್ಮಲ್ಲಿ ಅದರ ಜುರ್ಮಾನೆ ಮಾತ್ರ ಉಳಿದಿದೆ. ಮೈಸೂರು, ಮಂಗಳೂರು ಕಡೆಯವರಿಗೆ ಇನ್ನೊಂದು: ಯಾವ ವಿವರಣೆಯೂ ಇಲ್ಲದೆ ‘ಗುನ್ನೆ’ ಅಂತ ಓದಿದರೆ ನಿಮಗೆ ತಿಳಿಯುತ್ತದೆಯೋ, ಅಥವಾ ಮೊದಲ ಸಲ ಬಂದಲ್ಲಿ ಒಂದು ಸಾಲು ಬರೆಯಬೇಕೋ?