ಕಕ್ಕಡ 18ರ ರಾತ್ರಿ

ಆಗಸ್ಟ್ 3, ಕಕ್ಕಡ 18. ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ಅನ್ನುವ ಕಾಡುಗಿಡದ ಎಲೆಯಿಂದ ಪಾಯಸ ಮಾಡುವ ದಿನ. ನಮ್ಮ ಹತ್ತನೇ ಕ್ಲಾಸಿನ ಗುಂಪಿಗೆ ಸಂಜೆ ಏಳಕ್ಕೆ ಪೂವಯ್ಯ ಒಂದು ಫಾರ್ವರ್ಡ್ ಹಾಕಿದ. "ಇವತ್ತು ಮದ್ದು ಸೊಪ್ಪಿನ ಪಾಯಸ ತಿಂದವರಿಗೆ ವರ್ಷಪೂರ್ತಿ ವೈರಸ್ಸೂ ಇಲ್ಲ, ಹುಳವೂ ಇಲ್ಲ. ಇಮ್ಯೂನಿಟಿ ಹತ್ತು ಪಟ್ಟು! ವಿಜ್ಞಾನಿಗಳೇ ಬೆರಗು. ಹತ್ತು ಜನಕ್ಕೆ ಕಳಿಸಿ."

ರಫೀಕ್: ಯಾವ ವಿಜ್ಞಾನಿ? ಹೆಸರು, ಊರು ಏನಾದ್ರೂ ಇದೆಯಾ?

ಪೂವಯ್ಯ: ಹೋದ ವರ್ಷ ನಮ್ಮ ಮನೇಲಿ ಮೂರು ಬಟ್ಟಲು ಕುಡಿದೆಯಲ್ಲ ಮಾರಾಯ, ಆಗ ಕೇಳಲಿಲ್ಲ?

ರಫೀಕ್: ಪಾಯಸ ಚೆನ್ನಾಗಿತ್ತು, ಕುಡಿದೆ. ನಾನು ಕೇಳ್ತಿರೋದು ಈ ಮೆಸೇಜಿನ ವಿಷಯ. 2018ರ ಮಳೆಯಲ್ಲಿ ಅಣೆಕಟ್ಟು ಒಡೆದಿದೆ ಅಂತ ಹಾಕಿದವನೂ ನೀನೇ. ಮಧ್ಯರಾತ್ರಿ ಅಮ್ಮನನ್ನು ಹೊತ್ತುಕೊಂಡು ಓಡಿದವನು ನಾನು.

ಮೇಷ್ಟ್ರು: ಹಿರಿಯರು ಸುಮ್ನೆ ಮಾಡಿಟ್ಟಿದ್ದಲ್ಲ. ಆ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಇಳಿಯುವ ದಿನ ಇದು. ಪ್ರಶ್ನೆ ಕೇಳುವ ಮೊದಲು ಗೌರವ ಕಲಿಯಿರಿ.

ಜಾನಕಿ: ಸರ್, ನೆನಪಿದೆಯಾ? ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ಮಾರನೇ ದಿನ ಹುಡುಗರೆಲ್ಲ ಶಾಲೆ ಹಿಂದೆ ನಿಂತು ಯಾರ ಮೂತ್ರ ಜಾಸ್ತಿ ಕೆಂಪು ಅಂತ ಪಂದ್ಯ ಕಟ್ಟುತ್ತಿದ್ದರು!

ಅಲ್ಲಿಂದ ಮಾತು ಕಣಿಲೆಗೆ, ಏಡಿ ಸಾರಿಗೆ, ಸೋರುವ ಕ್ಲಾಸ್‌ರೂಮಿಗೆ ಹೋಯಿತು. ಅದರ ನಡುವೆ ಒಂದು ಮೆಸೇಜ್ ಬಂತು.

ಗಣೇಶ: ಮೇಷ್ಟ್ರು ಹೇಳಿದ್ದು ನಿಜ. ನಾಲ್ಕು ದಿನದಿಂದ ಜ್ವರ ಇತ್ತು. ಬೆಳಿಗ್ಗೆ ಪಾಯಸ ತಿಂದೆ, ಮಧ್ಯಾಹ್ನಕ್ಕೆ ಬಿಟ್ಟಿತು. ಹೊಟ್ಟೆನೋವು, ವಾಂತಿ ಮಾತ್ರ ಇದೆ.

ಹನ್ನೊಂದು ಜನ ಕೈ ಮುಗಿದರು. ಪೂವಯ್ಯ "ನೋಡಿದ್ಯಾ ರಫೀಕ್?" ಅಂದ. ಕೊನೆಯ ಆ ವಾಕ್ಯವನ್ನು ಯಾರೂ ಓದಿರಲಿಲ್ಲ.

ನಾನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಎಂಟೂವರೆಗೆ ಫೋನ್ ನೋಡಿದೆ. ಎದೆ ಧಸಕ್ ಅಂತು.

ನಾನು: ಗಣೇಶ, ನಿನಗೆ ಹಿಂದೊಮ್ಮೆ ಡೆಂಗಿ ಆಗಿತ್ತು ಅಲ್ವಾ? ಇದೂ ಡೆಂಗಿಯೇ ಆಗಿದ್ದರೆ ಜ್ವರ ಬಿಟ್ಟ ಹೊತ್ತೇ ಅಪಾಯದ್ದು. ರಕ್ತನಾಳದಿಂದ ನೀರಿನಂಶ ಸೋರುವುದು ಆಗಲೇ. ಹೊಟ್ಟೆನೋವು, ವಾಂತಿ ಅದರ ಸೂಚನೆ ಇರಬಹುದು. ಈಗಲೇ ಆಸ್ಪತ್ರೆಗೆ ಹೋಗು. ಮೈಕೈ ನೋವಿನ ಮಾತ್ರೆ ನುಂಗಬೇಡ.

ಪೂವಯ್ಯ: ಒಂದು ಸಲ ಬಂದು ಹೋಗಿದೆ ಅಂದ್ರೆ ಇಮ್ಯೂನಿಟಿ ಇದೆ ಅಂತ ಅಲ್ವಾ? ಇನ್ನೇನು ಭಯ?

ನಾನು: ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇದೆ ಪೂವಯ್ಯ. ಮೊದಲ ಸಲದ ಆಂಟಿಬಾಡಿ, ಎರಡನೇ ಸಲ ಬೇರೆ ಬಗೆ ಬಂದರೆ ಅದಕ್ಕೆ ಅಂಟಿಕೊಳ್ಳುತ್ತೆ, ಆದರೆ ತಡೆಯಲಾರದೆ ಹೋಗಬಹುದು. ಆಗ ಆ ವೈರಸ್ ಬಿಳಿ ರಕ್ತಕಣದ ಒಳಗೆ ಇನ್ನೂ ಸಲೀಸಾಗಿ ನುಗ್ಗುತ್ತೆ. ಹತ್ತು ಪಟ್ಟು ಆದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೇಷ್ಟ್ರು: ನೀನು ಕ್ಲಾಸಿನಲ್ಲೂ ಹೀಗೇ. ನಡುವೆ ಬಾಯಿ ಹಾಕುವ ಅಭ್ಯಾಸ ಬಿಡಲಿಲ್ಲ. ಹಾಗಾದರೆ ಮದ್ದು ಸೊಪ್ಪು ಸುಳ್ಳೇ?

ನನಗೆ ಬೇಸರವಾಯಿತು. ಆದರೂ ಬರೆದೆ. ಸರ್, ನಾನೂ ಇವತ್ತು ಪಾಯಸ ತಿಂದೆ, ವರ್ಷಾ ವರ್ಷಾ ತಿನ್ನುತ್ತೇನೆ. ಆದರೆ ವೈರಸ್ಸಿಗೂ ಹುಳಕ್ಕೂ ದೇಹ ಒಂದೇ ಕತ್ತಿ ಹಿಡಿಯುವುದಿಲ್ಲ. ವೈರಸ್ ಜೀವಕೋಶದ ಒಳಗೆ ಕೂರುತ್ತದೆ. ಆ ಕೋಶ ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ಟಿ ಕೋಶ ಅನ್ನುವ ಬಿಳಿ ರಕ್ತಕಣ ಬಂದು ಸೋಂಕು ತಗುಲಿದ ಕೋಶವನ್ನೇ ಕೊಲ್ಲುತ್ತದೆ. ಕೊಕ್ಕೆಹುಳ ಸುಮಾರು ಒಂದು ಸೆಂಟಿಮೀಟರ್ ಉದ್ದ. ಅದನ್ನು ಯಾವ ಬಿಳಿ ಕಣ ನುಂಗೀತು? ಅದಕ್ಕೆ ಬರುವುದು ಇಯೋಸಿನೋಫಿಲ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಸ್ಲೈಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ನ್ಯೂಕ್ಲಿಯಸ್ ಕನ್ನಡಕದ ಹಾಗೆ ಎರಡು ಭಾಗ, ಸುತ್ತಲೂ ಒತ್ತೊತ್ತಾಗಿ ಕಿತ್ತಳೆ ಬಣ್ಣದ ಕಾಳು. ಆ ಕಾಳಿನಲ್ಲಿರುವ ವಿಷವನ್ನು ಹುಳದ ಮೈಮೇಲೆ ಸುರಿಯುವುದು ಅದರ ಕೆಲಸ. ಇನ್ನು ಮಲೇರಿಯಾ ಕ್ರಿಮಿ ಕೆಂಪು ರಕ್ತಕಣದಲ್ಲಿ ಅಡಗುತ್ತದೆ. ಒಳಗೆ ಯಾರಿದ್ದಾರೆ ಅಂತ ಟಿ ಕೋಶಕ್ಕೆ ತೋರಿಸುವ ವ್ಯವಸ್ಥೆಯೇ ಕೆಂಪು ಕಣಕ್ಕೆ ಇಲ್ಲ.

ಜಾನಕಿ: ಆ ಕೊಕ್ಕೆಹುಳದ ಚಿತ್ರ ಬೋರ್ಡ್ ಮೇಲೆ ಬರೆಸುತ್ತಿದ್ದರಲ್ಲ ಸರ್! ಸೀಮೆಸುಣ್ಣ ನಾನೇ ತರುತ್ತಿದ್ದೆ.

ಗಣೇಶನಿಂದ ಉತ್ತರ ಇಲ್ಲ. ಅವನ ಹೆಂಡತಿಗೆ ಫೋನ್ ಮಾಡಿದೆ. "ಮಲಗಿದ್ದಾರೆ ಅಕ್ಕ, ಕೈಕಾಲು ತಣ್ಣಗಿದೆ" ಅಂದಳು. ರಫೀಕನಿಗೆ ಹೇಳಿದೆ. ವಾದ ಅಲ್ಲಿಗೇ ಬಿಟ್ಟು ಜೀಪ್ ತೆಗೆದ. ಆ ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ.

11.40ಕ್ಕೆ ಅವನ ಮೆಸೇಜ್ ಬಂತು: "ಡೆಂಗಿಯೇ. ಪ್ಲೇಟ್‌ಲೆಟ್ 38 ಸಾವಿರ. ಬಿಪಿ ಇಳಿದಿತ್ತಂತೆ. ಡ್ರಿಪ್ ಹಾಕಿದ್ದಾರೆ, ಈಗ ಮಾತಾಡ್ತಿದ್ದಾನೆ."

ಹನ್ನೆರಡು ಗಂಟೆಗೆ ಪೂವಯ್ಯ ನನಗೊಬ್ಬಳಿಗೇ ಬರೆದ. "ಅದನ್ನು ಹತ್ತು ಜನಕ್ಕೆ ಕಳಿಸಿದ್ದೆ. ಅವರಲ್ಲಿ ಇಬ್ಬರಿಗೆ ಜ್ವರ ಇದೆಯಂತೆ. ನೀನು ಬರೆದದ್ದನ್ನು ಅವರಿಗೆ ಕಳಿಸಲಾ?"

"ಕಳಿಸೋದು ಆಮೇಲೆ. ಮೊದಲು ಫೋನ್ ಮಾಡು" ಅಂದೆ.