ಕೇಕಿಗಿಂತ ಮೊದಲು ಕೈ ಪಳಗಲಿ

ಶಹಾಪುರದ ಸಹೋದರಿಯೊಬ್ಬರು ಕೇಳಿದ್ದಾರೆ: "ನಾವು ಎಂಟು ಜನ ಹೆಂಗಸರು ವಾರಕ್ಕೊಮ್ಮೆ ಸೇರಿ ಕಸೂತಿ ಹಾಕುತ್ತೇವೆ, ಕೌದಿ ಹೊಲಿಯುತ್ತೇವೆ. ಈಗ ಕೇಕ್ ಅಲಂಕಾರ ಕಲಿಯುವ ಆಸೆಯಾಗಿದೆ. ಏನು ಕೊಳ್ಳಬೇಕು, ಎಲ್ಲಿಂದ ಶುರು ಮಾಡಬೇಕು? ಕಲಿತವರು ತಿಳಿಸಿ."

ಕಲಬುರಗಿಯಿಂದ:

ಅಕ್ಕಾ, ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಶುರು ಮಾಡಬೇಡಿ. ಕೇಕಿಗೆ ಹಚ್ಚುವ ಬೆಣ್ಣೆ ಕರಗಲು 32–35 ಡಿಗ್ರಿ ಸಾಕು. ನಮ್ಮ ಬೇಸಿಗೆಯ ಬಿಸಿಲು 42 ದಾಟುತ್ತದೆ. ನಮ್ಮ ಗುಂಪು ಮೇ ತಿಂಗಳಲ್ಲೇ ಆರಂಭಿಸಿತ್ತು, ಅದೂ ಮಧ್ಯಾಹ್ನ ಎರಡು ಗಂಟೆಗೆ. ಕೇಕಿನ ಮೇಲೆ ಕೈಯಿಟ್ಟು ನೋಡಿ ಆರಿದೆ ಎಂದುಕೊಂಡೆವು. ಒಡಲು ಇನ್ನೂ ಬಿಸಿಯಾಗಿತ್ತು. ಹಾಕಿದ ಹೂಗಳೆಲ್ಲ ಹತ್ತೇ ನಿಮಿಷದಲ್ಲಿ ಬದಿಗೆ ಜಾರಿದವು. ತಮಗೆ ಈ ಕಲೆ ಒಲಿಯುವುದಿಲ್ಲ ಎಂದುಕೊಂಡು ಇಬ್ಬರು ಅಂದೇ ಬಿಟ್ಟುಹೋದರು. ಅವರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಇಬ್ಬರ ರಂಗೋಲಿಯೂ ನಮ್ಮ ಓಣಿಗೇ ಚೆಂದ. ದಸರೆ ಮುಗಿದ ಮೇಲೆ ಶುರು ಮಾಡಿ, ಸಂಕ್ರಾಂತಿಯ ಹೊತ್ತಿಗೆ ಕೈ ಕೂಡುತ್ತದೆ.

ಮೊದಲ ತಿಂಗಳು ಕೇಕನ್ನೇ ಮುಟ್ಟಬೇಡಿ. ಡಾಲ್ಡಾಕ್ಕೆ ಐಸಿಂಗ್ ಸಕ್ಕರೆ ಕಲಸಿ, ಕ್ರೀಮ್ ಒತ್ತುವ ಕೋನಿನಂಥ ಚೀಲಕ್ಕೆ ತುಂಬಿ, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಹೂ, ಬಳ್ಳಿ, ಚುಕ್ಕೆ ಬಿಡಿಸಿ. ಕೆರೆದು ತೆಗೆದು ಮತ್ತೆ ಅದೇ ಚೀಲಕ್ಕೆ ತುಂಬಿ. ಈ ಮುದ್ದೆ ಕೈ ಪಳಗಿಸಲು ಮಾತ್ರ, ತಿನ್ನಲು ಬೇಡ. ನಮ್ಮಲ್ಲಿ ಎಲ್ಲರಿಗಿಂತ ಬೇಗ ಕಲಿತವಳು ಮದುವೆ ಮನೆಗಳಲ್ಲಿ ಮೆಹಂದಿ ಹಾಕುವ ಹುಡುಗಿ. ಕೋನ್ ಒತ್ತುವ ಹದ ಅವಳ ಬೆರಳಿನಲ್ಲಿ ಮೊದಲೇ ಇತ್ತು. ಅವಳಿಂದ ನಾವು ಕಲಿತದ್ದು ಇಷ್ಟು: ಬಲಗೈ ಮೇಲಿನಿಂದ ಒತ್ತಬೇಕು, ಎಡಗೈ ದಾರಿ ತೋರಿಸಬೇಕು, ಒತ್ತುವುದನ್ನು ಪೂರ್ತಿ ನಿಲ್ಲಿಸಿದ ಮೇಲೆಯೇ ಚೀಲ ಎತ್ತಬೇಕು. ಒತ್ತುತ್ತಲೇ ಎತ್ತಿದರೆ ಪ್ರತಿ ಹೂವಿಗೂ ಬಾಲ ಬರುತ್ತದೆ. ನನಗೆ ಇದು ರೂಢಿಯಾಗಲು ಮೂರು ವಾರ ಹಿಡಿಯಿತು.

ಸಾಮಾನಿಗೆ ಹೆಚ್ಚು ಹಣ ಹಾಕಬೇಡಿ. ಗುಂಪಿಗೆ ಒಂದು ತಿರುಗುವ ಮಣೆ, ಒಂದು ಉದ್ದನೆಯ ಚಪ್ಪಟೆ ಚಾಕು, ಕ್ರೀಮನ್ನು ಸಮ ಮಾಡುವ ಒಂದು ಸ್ಕ್ರೇಪರ್, ಚೀಲದ ತುದಿಗೆ ಹಾಕುವ ಮೂತಿ, ಅಂದರೆ ನಾಝಲ್, ಮೂರು: ದೊಡ್ಡ ನಕ್ಷತ್ರ, ಸಣ್ಣ ದುಂಡು, ಎಲೆ. ನಾವು ನಾಝಲ್‌ಗಳ ದೊಡ್ಡ ಡಬ್ಬಿಯನ್ನೇ ತಂದೆವು, ಬಳಸಿದ್ದು ಬರೀ ನಾಲ್ಕು.

ಕ್ರೀಮಿನ ವಿಷಯ ಮಾತ್ರ ಗಮನವಿಟ್ಟು ಓದಿ. ಅಂಗಡಿಯಲ್ಲಿ ಕೇಕಿಗೆ ಹಚ್ಚುವ ವಿಪ್ಪಿಂಗ್ ಕ್ರೀಮ್ ಗಟ್ಟಿ ಹೆಪ್ಪುಗಟ್ಟಿದ್ದು ಸಿಗುತ್ತದೆ. ಅದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಹೊರಗಿಟ್ಟು ಕರಗಿಸಬೇಡಿ. ಪಾತ್ರೆ, ಬೀಟರ್ ಕಡ್ಡಿಗಳನ್ನೂ ಅರ್ಧ ಗಂಟೆ ತಂಪಾಗಿಸಿ. ನಿಧಾನವಾಗಿ ಶುರು ಮಾಡಿ ವೇಗ ಹೆಚ್ಚಿಸಿ. ಕಡ್ಡಿ ಎತ್ತಿದಾಗ ತುದಿ ನಿಂತು ಸ್ವಲ್ಪ ಬಾಗಿದರೆ ಹಚ್ಚಲು ಸರಿಯಾದ ಹದ. ಬಾಗದೆ ನೆಟ್ಟಗೆ ನಿಂತರೆ ಹೂವಿಗೆ ಸರಿ. ಅದನ್ನೂ ಮೀರಿದರೆ ರವೆಯಂತೆ ತರಿತರಿಯಾಗುತ್ತದೆ. ಆಗ ಚೆಲ್ಲಬೇಡಿ, ಬೀಟರ್ ಹಾಕದ ತಣ್ಣನೆಯ ಕ್ರೀಮ್ ಒಂದೆರಡು ಚಮಚ ಸೇರಿಸಿ, ಬೀಟರ್ ಬಿಟ್ಟು ಚಮಚದಿಂದಲೇ ಮೆಲ್ಲಗೆ ಕಲಸಿದರೆ ಬಹುಪಾಲು ಸರಿಹೋಗುತ್ತದೆ. ಮೊದಲು ತೆಳುವಾಗಿ ಒಂದು ಪದರ ಹಚ್ಚಿ ಫ್ರಿಜ್ಜಿನಲ್ಲಿಡಿ, ಕೇಕಿನ ಪುಡಿಯೆಲ್ಲ ಅದರಲ್ಲೇ ಅಂಟಿಕೊಳ್ಳುತ್ತದೆ. ಎರಡನೆಯ ಪದರ ಆಗ ಬೆಳ್ಳಗೆ ಕೂರುತ್ತದೆ. ಬಣ್ಣಕ್ಕೆ ಜೆಲ್ ತನ್ನಿ, ನೀರಿನಂಥದ್ದು ಕ್ರೀಮನ್ನು ಸಡಿಲಿಸುತ್ತದೆ. ಕಡುಗೆಂಪು ಬೇಕೆಂದು ಸುರಿಯುತ್ತಾ ಹೋದರೆ ಕಹಿಯಾಗುತ್ತದೆ. ತುಸು ಹಾಕಿ ಒಂದು ಗಂಟೆ ಬಿಡಿ, ತಾನೇ ಗಾಢವಾಗುತ್ತದೆ.

ಬೀದರ್‌ನಿಂದ:

ಮೇಲಿನ ಅಕ್ಕನವರು ಹೇಳಿದ್ದೆಲ್ಲ ಸರಿ. ಆದರೆ ಗುಲಾಬಿಯೊಂದೇ ಅಲಂಕಾರವೇ? ನಿಮ್ಮ ಕೈಯಲ್ಲಿ ಕಸೂತಿ ಇದೆಯಲ್ಲ. ಗೋಪುರ, ತೇರು, ಕಮಲ ಎಲ್ಲವೂ ನೇರ ಗೆರೆಗಳ ಕೆಲಸ, ಸಣ್ಣ ದುಂಡು ನಾಝಲ್‌ನಿಂದ ಚೆನ್ನಾಗಿ ಬರುತ್ತವೆ. ನಾನು ನಮ್ಮೂರಿನ ಬಿದ್ರಿ ಹೂಜಿಗಳನ್ನು ನೋಡಿಕೊಂಡೇ ಕಲಿತೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಕೂರಿಸುವಂತೆ ಕಪ್ಪು ಚಾಕೊಲೇಟ್ ಪದರದ ಮೇಲೆ ಬಿಳಿಯ ಎಳೆ ಎಳೆಯುತ್ತೇನೆ. ಎರಡು ಪಾಲು ಡಾರ್ಕ್ ಚಾಕೊಲೇಟ್, ಒಂದು ಪಾಲು ಬಿಸಿ ಮಾಡಿದ ಕ್ರೀಮ್ ಸೇರಿಸಿ ಆರಿಸಿದರೆ ಸಿಗುವ ಗನಾಶ್ ಬರಿಯ ಕ್ರೀಮಿಗಿಂತ ಸೆಕೆ ತಡೆಯುತ್ತದೆ. ಮಗಳ ಹುಟ್ಟುಹಬ್ಬಕ್ಕೆ ಅಂಥ ಕೇಕ್ ಮಾಡಿದ ದಿನ, ನಮ್ಮ ಅತ್ತೆ ಚಾಕು ಹಾಕಲು ಬಿಡದೆ ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ಯಾದಗಿರಿಯಿಂದ:

ತಂಗೀ, ಬೀಟರ್ ಓಡುತ್ತಿರುವಾಗಲೇ ಕರೆಂಟ್ ಹೋದರೆ ಗಾಬರಿಯಾಗಬೇಡ. ದೊಡ್ಡ ಪಾತ್ರೆಯಲ್ಲಿ ಐಸ್, ಒಂದು ಹಿಡಿ ಕಲ್ಲುಪ್ಪು ಹಾಕಿ ಕ್ರೀಮಿನ ಪಾತ್ರೆಯನ್ನು ಅದರ ಮೇಲಿಡು, ಕೈಯಿಂದ ತಿರುವುವ ಬೀಟರ್ ಕಡ್ಡಿಯಿಂದ ಸರದಿಯಂತೆ ತಿರುವಿ. ಎಂಟು ಜನ ಇದ್ದೀರಿ, ಯಾರ ಕೈಯೂ ಸೋಲುವುದಿಲ್ಲ. ಉಪ್ಪುನೀರು ಒಳಗೆ ಸಿಡಿಯದಂತೆ ನೋಡಿಕೊಂಡರೆ ಸಾಕು.