'ಎಮಿಷನ್' ಅನ್ನುವುದಕ್ಕೆ ಕರಪತ್ರದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಒಂದು ಪರಿಸರ ಸಂಸ್ಥೆಯಲ್ಲಿದ್ದೇನೆ. ಬಸ್ಸು, ಆಟೋ, ಸೈಕಲ್, ನಡಿಗೆ ಇವುಗಳಿಗೆ ಸರ್ಕಾರ ಏನು ನಿಯಮ ಮಾಡಬೇಕು, ಪಾಲಿಕೆ ಎಲ್ಲಿ ದುಡ್ಡು ಹಾಕಬೇಕು ಅಂತ ಲೆಕ್ಕ ಹಾಕಿ ಮನವಿ ಬರೆಯುವ ತಂಡವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹುದ್ದೆಯ ಹೆಸರನ್ನು ಕನ್ನಡದಲ್ಲಿ ಹಾಕಿದರೆ 'ಸ್ವಚ್ಛ ಸಾರಿಗೆ ನೀತಿ ಮುಖ್ಯಸ್ಥ' ಅಂತಾಗುತ್ತದೆ. ಕೇಳಿದವರು ಡಿಪೋದಲ್ಲಿ ಬಸ್ ತೊಳೆಸುವ ಸಾಹೇಬರು ಅಂದುಕೊಳ್ಳುತ್ತಾರೆ. ಅದು ಹೋಗಲಿ ಬಿಡಿ.

ಈಗ ಆಟೋದವರಿಗೆ ಹಂಚಲು ಒಂದು ಕರಪತ್ರ, ಪಾಲಿಕೆಗೆ ಕೊಡಲು ಒಂದು ಮನವಿ ಬರೆಯಬೇಕು. ಕರಡು ಇಂಗ್ಲಿಷಿನಲ್ಲಿದೆ. ಸಾಲಿಗೊಂದು 'ಎಮಿಷನ್', ಅಂದರೆ ಗಾಡಿಯಿಂದ ಹೊರಬಂದು ಗಾಳಿ ಸೇರುವ ಹೊಗೆ, ಅನಿಲ, ದೂಳು ಎಲ್ಲ. ಜನ ಬಳಸುವ ಪದವೇ ಅಲ್ವಾ, ಹಾಗೇ ಇಟ್ಟರಾಯಿತು ಅಂದರೆ ಅಲ್ಲೇ ತೊಡಕು. ನಮ್ಮ ಊರಿನಲ್ಲಿ ಎಮಿಷನ್ ಅಂದರೆ ಹೊಗೆಯಲ್ಲ, ಚೀಟಿ. ತಪಾಸಣೆಯ ಹುಡುಗ ಸೈಲೆನ್ಸರ್ ಒಳಗೆ ಕೊಳವೆ ತೂರಿಸುತ್ತಾನೆ. ಪೆಟ್ರೋಲ್ ಗಾಡಿಯಾದರೆ ಇಂಜಿನ್ ಸುಮ್ನೆ ಓಡಲು ಬಿಟ್ಟು ಕಾರ್ಬನ್ ಮಾನಾಕ್ಸೈಡ್ ನೋಡುತ್ತಾನೆ. ಡೀಸೆಲ್ ಆದರೆ ಆಕ್ಸಿಲರೇಟರ್ ಜೋರಾಗಿ ಒತ್ತಿಸಿ ಹೊಗೆ ಎಷ್ಟು ದಟ್ಟ ಅಂತ ಅಳೆಯುತ್ತಾನೆ. ನಂಬರ್ ಪ್ಲೇಟಿನ ಫೋಟೋ ತೆಗೆದು ಚೀಟಿ ಕೊಡುತ್ತಾನೆ. ಆ ಚೀಟಿಯೇ ಎಮಿಷನ್. 'ಎಮಿಷನ್ ಮಾಡಿಸಿದೀಯಾ?', 'ಎಮಿಷನ್ ಮುಗಿದೋಗಿದೆ', 'ಪೊಲೀಸರು ಎಮಿಷನ್ ಕೇಳಿದರು.' ಹೀಗಿರುವಾಗ 'ಎಮಿಷನ್ ಕಡಿಮೆ ಮಾಡೋಣ' ಅಂತ ಅಚ್ಚು ಹಾಕಿಸಿದರೆ ತಪಾಸಣೆಯ ಶುಲ್ಕ ಇಳಿಸುತ್ತಾರೆ ಅಂತ ಓದಿಕೊಳ್ಳುತ್ತಾರೆ.

ಆಟೋ ಸ್ಟ್ಯಾಂಡಿನಲ್ಲಿ ಮಾತಾಡುವಾಗ ಬ್ಯಾಟರಿ ಆಟೋ 'ಜೀರೋ ಎಮಿಷನ್' ಗಾಡಿ ಅಂದೆ. ಹಿರಿಯ ಚಾಲಕರೊಬ್ಬರು ತಕ್ಷಣ, 'ಹಂಗಾದ್ರೆ ಎಮಿಷನ್ ಮಾಡ್ಸೋದೇ ಬ್ಯಾಡೇನ್ ಸಾರ್?' ಅಂದರು. ಬೇಡ, ನಿಜ. ಬ್ಯಾಟರಿ ಗಾಡಿಗೆ ಆ ಚೀಟಿ ಬೇಕಿಲ್ಲ. ಅವರ ಅರ್ಥದಲ್ಲಿ ಆ ಮಾತು ನೂರಕ್ಕೆ ನೂರು ಸರಿ. ಆದರೆ ನಾನು ಹೇಳಲು ಹೊರಟಿದ್ದೇ ಬೇರೆ.

ಪುಸ್ತಕದಲ್ಲಿ ಸಿಗುವ ಪದಗಳನ್ನು ನೋಡಿದೆ. 'ಹೊರಸೂಸುವಿಕೆ' ಸರ್ಕಾರಿ ಕಾಗದದಲ್ಲಿ ನಡೆಯುತ್ತದೆ. ಮನವಿಗೆ ಅದೇ ಇರಲಿ. ಬಾಯಲ್ಲಿ ಮಾತ್ರ ಹೊರಳುವುದಿಲ್ಲ. 'ಶೂನ್ಯ ಹೊರಸೂಸುವಿಕೆ'ಯನ್ನು ಮೈಕಿನಲ್ಲಿ ಒಮ್ಮೆ ಹೇಳಿ ನೋಡಿ. 'ವಿಸರ್ಜನೆ' ಅಂದರೆ ಗಣಪತಿ ನೆನಪಾಗುತ್ತಾನೆ, ಶಾಲೆಯ ಮಕ್ಕಳಿಗೆ ಮೂತ್ರಪಿಂಡ. ಪತ್ರಿಕೆಯವರು 'ಹೊಗೆ ಉಗುಳುವ ಲಾರಿ' ಅಂತ ಬರೆಯುತ್ತಾರೆ. ಅದಕ್ಕಿಂತ ನನಗೆ 'ಕಾರು' ಇಷ್ಟ. ಬೆಂಕಿ ಕಾರು, ವಿಷ ಕಾರು ಅನ್ನುತ್ತೇವಲ್ಲ, ಹಾಗೆ ಹೊಗೆ ಕಾರು. 'ಕಾರು ಕಾರುವ ಹೊಗೆ' ಅಂತ ಬ್ಯಾನರ್ ಬರೆಯಬಹುದು! ಆದರೆ ಇವೆರಡರಲ್ಲೂ ಬೈಗುಳದ ವಾಸನೆ ಇದೆ. ಗಾಡಿ ಓಡಿಸಿ ಹೊಟ್ಟೆ ಹೊರೆಯುವವರ ಕೈಗೆ ಅಂಥ ಕಾಗದ ಕೊಡಲು ಮನಸ್ಸು ಬರುವುದಿಲ್ಲ.

ಸುಮ್ನೆ 'ಹೊಗೆ' ಅಂದರೆ ಸಾಲದೇ? ಅಂತ ನಮ್ಮ ತಂಡದಲ್ಲೇ ಕೇಳಿದರು. ಒಂದು, ದಾವಣಗೆರೆಯವರಿಗೆ ಹೊಗೆ ಅಂದರೆ ಮೊದಲು ಕಣ್ಮುಂದೆ ಬರುವುದು ಮಂಡಕ್ಕಿ ಭಟ್ಟಿ. ಎರಡು, ಹೊಗೆ ಅಂದರೆ ಕಾಣಬೇಕು. ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಮಿಷನ್ ಚೀಟಿಯಲ್ಲಿ ಅದಕ್ಕೆ ಪಾಸು ಫೇಲೂ ಇಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6, ಅಂದರೆ ಹೊಗೆಗೆ ಬಿಗಿ ಮಿತಿ ಹಾಕಿದ ನಿಯಮದ ಗಾಡಿಗಳು ಬಂದ ಮೇಲಂತೂ ಹೊಸ ಡೀಸೆಲ್ ಬಸ್ಸಿನ ಹಿಂದೆ ಕರಿ ಹೊಗೆ ಕಾಣುವುದೇ ಅಪರೂಪ. 'ಇದರಲ್ಲಿ ಹೊಗೆ ಎಲ್ಲೈತ್ರೀ?' ಅಂದರೆ ಏನು ಉತ್ತರ ಕೊಡೋಣ?

ಮೂರನೆಯದು ಇನ್ನೂ ಕಗ್ಗಂಟು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಗಾಳಿಯ ಗುಣಮಟ್ಟದ ಮಿತಿಯೊಳಗೆ ಬರದ ಊರುಗಳ ಪಟ್ಟಿ ಅದು. ಅಲ್ಲಿ ಮುಖ್ಯವಾಗಿ ಅಳೆಯುವುದು ಪಿಎಂ10 ಅನ್ನುವ ಸಣ್ಣ ಕಣ. ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು. ಈ ಕಣದಲ್ಲಿ ಸೈಲೆನ್ಸರಿನಿಂದ ಬಂದದ್ದೂ ಇದೆ, ಗಾಡಿ ಹೋದಾಗ ರಸ್ತೆಯಿಂದ ಎದ್ದ ದೂಳೂ ಇದೆ, ಟೈರು ಬ್ರೇಕು ಸವೆದ ಪುಡಿಯೂ ಇದೆ. (ದೂಳೋ ಧೂಳೋ ಅನ್ನುವ ಜಗಳ ಇಲ್ಲಿ ಬೇಡ, ದಯವಿಟ್ಟು.) ಬ್ಯಾಟರಿ ಆಟೋ ಕೂಡ ದೂಳೆಬ್ಬಿಸುತ್ತದೆ. ಹಾಗಾಗಿ 'ಹೊಗೆ'ಯಲ್ಲಿ ಅರ್ಧ ವಿಷಯ ಹೊರಗೇ ಉಳಿಯುತ್ತದೆ.

ಕರೆಂಟು ಎಲ್ಲಿಂದ ಬರುತ್ತದೆ ಅಂತಲೂ ಕೇಳುತ್ತಾರೆ, ಕೇಳಬೇಕಾದ್ದೇ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದಿಂದಲೂ ಬರುತ್ತದೆ, ಬಳ್ಳಾರಿ ಪಕ್ಕದ ಕುಡಿತಿನಿಯಲ್ಲಿ ಕಲ್ಲಿದ್ದಲು ಸುಟ್ಟೂ ಬರುತ್ತದೆ. ಆದ್ದರಿಂದ 'ಹೊಗೆಯಿಲ್ಲದ ಗಾಡಿ' ಅಂದರೆ ಪೂರ್ತಿ ನಿಜವಲ್ಲ. 'ಸೈಲೆನ್ಸರ್ ಹೊಗೆ ಇಲ್ಲದ ಗಾಡಿ' ಅಂದರೆ ನಿಜ. ಈ 'ಸೈಲೆನ್ಸರ್ ಹೊಗೆ' ನನಗೆ ಬಹಳ ಹಿಡಿಸಿದೆ. ಮೆಕ್ಯಾನಿಕ್‌ನಿಂದ ಹಿಡಿದು ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲಿಂದ ಬರುವ ಹೊಗೆ ಅನ್ನುವುದೂ ಖಚಿತ. ಉಳಿದದ್ದಕ್ಕೆ 'ಗಾಡಿ ದೂಳು' ಅನ್ನಬಹುದು. ಆದರೆ ಇವೆರಡನ್ನೂ, ಜೊತೆಗೆ ಕಣ್ಣಿಗೆ ಕಾಣದ ಕಾರ್ಬನ್ ಡೈಆಕ್ಸೈಡ್‌ನಂಥ ಗಾಳಿಯನ್ನೂ ಸೇರಿಸಿ ಹೇಳುವ ಒಂದು ಪದ ಸಿಕ್ಕಿಲ್ಲ. 'ಗಾಡಿ ಕೊಳೆ' ಅಂತ ಒಬ್ಬರು ಹೇಳಿದರು. ಅದು ಮತ್ತೆ ಗಾಡಿ ತೊಳೆಯುವ ಕಡೆಗೇ ಎಳೆಯುತ್ತದೆ.

'ಸ್ವಚ್ಛ'ದ ಕಥೆಯೂ ಅಷ್ಟೇ. ಹಳ್ಳಿಗಳಲ್ಲಿ ಪಂಚಾಯ್ತಿಯ ಕಸದ ಗಾಡಿಯ ಮೇಲೆ 'ಸ್ವಚ್ಛ ವಾಹಿನಿ' ಅಂತ ಬರೆದಿರುತ್ತದೆ. ನಾವು 'ಸ್ವಚ್ಛ ವಾಹನ' ಅಂದರೆ ಕಸದ ಬುಟ್ಟಿ ಹಿಡಿದು ಹೊರಗೆ ಬರುತ್ತಾರೆ. 'ಸಾರಿಗೆ' ಅಂದರೆ ಕೆಂಪು ಬಸ್ಸು ಇಲ್ಲವೇ ಆರ್‌ಟಿಒ ಆಫೀಸು. ನಡೆಯುವವರು, ಸೈಕಲ್ ತುಳಿಯುವವರು ಅದರಲ್ಲಿ ಬರುವುದೇ ಇಲ್ಲ. ನನ್ನ ಪ್ರಕಾರ ಅಲ್ಲಿ 'ಓಡಾಟ' ಹಾಕಬೇಕು. 'ಊರೊಳಗಿನ ಓಡಾಟ' ಅಂದರೆ ಮಂಡಿಪೇಟೆಗೆ ನಡೆದು ಹೋಗುವ ಅಜ್ಜಿಯೂ ಸೇರುತ್ತಾರೆ, ಸಿಟಿ ಬಸ್ಸೂ ಸೇರುತ್ತದೆ. ನೀತಿ ಬರೆಯುವವರು ಅವರಿಬ್ಬರನ್ನೂ ಒಟ್ಟಿಗೆ ನೋಡಲೇಬೇಕು. 'ಓಡಾಟ' ಸರ್ಕಾರಿ ಕಾಗದಕ್ಕೆ ಹಗುರವಾಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಾಲಿಕೆಯ ಸದಸ್ಯರೂ ಮನೆಯಲ್ಲಿ ಓಡಾಟ ಅಂತಲೇ ಅನ್ನುವುದು.

ಹಾಗಾಗಿ ಕೇಳುತ್ತಿರುವುದು ಇಷ್ಟು. ಕಾಣುವ ಹೊಗೆ, ಕಾಣದ ಗಾಳಿ, ದೂಳು ಮೂರನ್ನೂ ಒಳಗೊಳ್ಳುವ, ಬೈಗುಳವಲ್ಲದ ಪದ ನಿಮ್ಮ ಕಡೆ ಇದೆಯೇ? ಹುಬ್ಬಳ್ಳಿ, ಕಲಬುರಗಿಯವರು ಮುಖ್ಯವಾಗಿ ಹೇಳಬೇಕು. ನಿಮ್ಮ ಊರೂ ಅದೇ ಪಟ್ಟಿಯಲ್ಲಿದೆ. ನಿಮ್ಮಲ್ಲಿ ಆಟೋದವರು ಎಮಿಷನ್ ಅಂದರೆ ಏನಂತ ತಿಳಿಯುತ್ತಾರೆ, ಅದನ್ನೂ ಬರೆಯಿರಿ.